ಅಬ್ಲೇಶನ್ ಆದ ಮೂರನೇ ವಾರದ ಜ್ವರ: ಒಂದು ಪ್ರಕರಣ ಅಧ್ಯಯನ

ಏಟ್ರಿಯಲ್ ಫಿಬ್ರಿಲೇಶನ್‌ಗೆ (ಎಎಫ್, ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಬಡಿಯುವ ಕಾಯಿಲೆ) ಅಬ್ಲೇಶನ್, ಅಂದರೆ ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಕೆ ಹಾಯಿಸಿ ಹೃದಯದೊಳಗೆ ಸಣ್ಣ ಗಾಯ ಮಾಡುವ ಚಿಕಿತ್ಸೆ, ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆ ಸೇರುತ್ತಾರೆ, ತೊಡೆಸಂದಿನ ಕಲೆ ಮಾಸುವಷ್ಟರಲ್ಲಿ ಕೆಲಸಕ್ಕೂ ಹೊರಡುತ್ತಾರೆ. ಈ ಪ್ರಕರಣದ ರೋಗಿಗೆ ಹಾಗಾಗಲಿಲ್ಲ. ಮೊದಲ ತಿಂಗಳಲ್ಲೇ ಒಂದರ ಬೆನ್ನಿಗೆ ಒಂದು ತೊಂದರೆ ಬಂತು. ಯಾವುದೂ ವೈದ್ಯರಿಗೆ ಹೊಸದಲ್ಲ. ಆದರೆ ಒಂದೊಂದನ್ನು ಒಬ್ಬೊಬ್ಬರು ನೋಡಿದರು, ತಮ್ಮ ಕಣ್ಣಿಗೆ ಬಿದ್ದಷ್ಟಕ್ಕೆ ಸರಿಯಾದ ಸಲಹೆಯನ್ನೇ ಕೊಟ್ಟರು. ಆ ಸಲಹೆಗಳೆಲ್ಲ ಕೂಡಿ ರೋಗಿಯನ್ನು ಎಲ್ಲಿಗೆ ತಂದು ನಿಲ್ಲಿಸಿದವು ಎಂಬುದೇ ಇಲ್ಲಿನ ವಿಷಯ.

ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದೆ. ಲಕ್ಷಣಗಳು ಕಾಣಿಸಿಕೊಂಡ ಕ್ರಮ, ತೀರ್ಮಾನಗಳು ಆದ ಕ್ರಮ ಎರಡನ್ನೂ ಹಾಗೇ ಇಟ್ಟಿದೆ.

ಹಿನ್ನೆಲೆ

ರೋಗಿ ಐವತ್ತೆಂಟರ ಆಸುಪಾಸಿನ ಮಹಿಳೆ, ಲೆಕ್ಕಪತ್ರ ನೋಡುವ ಕೆಲಸ. ಬಿಪಿ ಇತ್ತು, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ನಾಲ್ಕು ವರ್ಷಗಳಿಂದ ಎಎಫ್ ಬಂದು ಹೋಗುತ್ತಿತ್ತು. ಶುರುವಿನಲ್ಲಿ ವರ್ಷಕ್ಕೆ ಎರಡು ಸಲ, ಕೊನೆಕೊನೆಗೆ ವಾರಕ್ಕೊಮ್ಮೆ. ತಾಳ ಕಾಯುವ ಫ್ಲೆಕೈನೈಡ್ ಮಾತ್ರೆ ಒಂದಷ್ಟು ಕಾಲ ತಡೆದು ಹಿಡಿಯಿತು, ಆಮೇಲೆ ಅದೂ ಕೈಕೊಟ್ಟಿತು. ರಕ್ತ ಹೆಪ್ಪುಗಟ್ಟದಿರಲು ಎಪಿಕ್ಸಬಾನ್ ತೆಗೆದುಕೊಳ್ಳುತ್ತಿದ್ದರು. ಅಬ್ಲೇಶನ್ ಮಾಡಿಸುವ ತೀರ್ಮಾನದಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಈಗ ಹಿಂತಿರುಗಿ ನೋಡಿದರೂ ಅದು ಸರಿಯಾದ ತೀರ್ಮಾನವೇ.

ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ (ಹೃದಯದ ಎಡಗಡೆಯ ಮೇಲಿನ ಕೋಣೆಗೆ) ರಕ್ತ ತರುವ ಪಲ್ಮನರಿ ವೇನ್‌ಗಳ ಒಳಗಿನಿಂದಲೇ ಎಎಫ್ ಹುಟ್ಟಿಸುವ ಹೆಚ್ಚಿನ ಕಳ್ಳ ಬಡಿತಗಳು ಹೊರಡುತ್ತವೆ ಎಂಬುದನ್ನು ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಐಸಗೇರ್ ಅವರ ತಂಡ 1998ರಲ್ಲಿ ತೋರಿಸಿಕೊಟ್ಟಿತು. ಆ ನಾಳಗಳ ಸುತ್ತ ಗಾಯದ ಉಂಗುರ ಮಾಡಿ, ಹೃತ್ಕರ್ಣದ ಜೊತೆಗಿನ ವಿದ್ಯುತ್ ಸಂಪರ್ಕ ಕಡಿದುಹಾಕುವುದು ಈಗಿನ ಅಬ್ಲೇಶನ್ನಿನ ತಿರುಳು. ಇವರಿಗೆ ಮಾಡಿದ್ದು ರೇಡಿಯೋಫ್ರೀಕ್ವೆನ್ಸಿ, ಅಂದರೆ ಶಾಖದಿಂದ ಸುಡುವ ವಿಧಾನ. ಎಡ ಹೃತ್ಕರ್ಣದ ಹಿಂಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದರ ಬೆನ್ನಿಗೇ ಅನ್ನನಾಳ ಇಳಿಯುತ್ತದೆ. ಹಾಗಾಗಿ ಅನ್ನನಾಳದೊಳಗೆ ಉಷ್ಣತೆ ಅಳೆಯುವ ಸಪೂರ ತಂತಿ ಇಳಿಸಿದ್ದರು. ಎಡಗಡೆಯ ಕೆಳ ನಾಳದ ಹತ್ತಿರ ಸುಡುವಾಗ ಅದು 39.4 ಡಿಗ್ರಿ ತೋರಿಸಿತು. ವೈದ್ಯರು ತಕ್ಷಣ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಶಕ್ತಿ ತಗ್ಗಿಸಿ ಮುಂದುವರಿಸಿದರು.

ಈ ಸಂಗತಿ ಪ್ರೊಸೀಜರ್ ವರದಿಯ ಎರಡನೇ ಪುಟದಲ್ಲಿ ಒಂದು ಸಾಲಿನಲ್ಲಿದೆ. ರೋಗಿಯ ಕೈಗೆ ಕೊಟ್ಟ ಡಿಸ್ಚಾರ್ಜ್ ಸಾರಾಂಶದಲ್ಲಿ ಇಲ್ಲ. ಅಲ್ಲಿ ಇದ್ದದ್ದು 'ತೊಡಕಿಲ್ಲದೆ ಮುಗಿಯಿತು' ಎಂಬ ಮಾತು. ಅದೂ ಸುಳ್ಳಲ್ಲ. ಅನ್ನನಾಳದ ಉಷ್ಣತೆ ಅಷ್ಟು ಏರುವುದು ಅಪರೂಪವೇನಲ್ಲ, ಅಷ್ಟಕ್ಕೇ ಅದನ್ನು ತೊಡಕು ಅಂತ ಯಾರೂ ಬರೆಯುವುದಿಲ್ಲ.

ಮೊದಲ ವಾರ

ಲೆಕ್ಕದವರಾದ್ದರಿಂದಲೋ ಏನೋ, ಮನೆಗೆ ಬಂದ ದಿನದಿಂದಲೇ ಇವರು ಒಂದು ಪುಸ್ತಕದಲ್ಲಿ ಕಂಬಸಾಲು ಹಾಕಿ ನಾಡಿ, ಬಿಪಿ, ತೂಕ, ಮೈ ಬಿಸಿ ಬರೆದಿಟ್ಟರು. ಕೊನೆಯ ಕಂಬಸಾಲಿಗೆ 'ಇತರೆ' ಎಂದು ಹೆಸರು. ಮುಂದೆ ಎಲ್ಲರೂ ಬಿಟ್ಟ ಸುಳಿವು ಆ 'ಇತರೆ'ಯಲ್ಲೇ ಕೂತಿತ್ತು.

ಮೊದಲು ಕಂಡದ್ದು ತೂಕ. ಆಸ್ಪತ್ರೆಗೆ ಹೋಗುವ ಮುನ್ನ ಇದ್ದದ್ದಕ್ಕಿಂತ 2 ಕೆಜಿ ಮೇಲೆ, ಮಲಗಿದರೆ ಸ್ವಲ್ಪ ಏದುಸಿರು. ಸುಡುವ ಕ್ಯಾತಿಟರಿನ ತುದಿಯನ್ನು ತಂಪಾಗಿಡಲು ಅದರಿಂದ ಸಲೈನ್ ಹರಿಯುತ್ತಲೇ ಇರುತ್ತದೆ. ಪ್ರೊಸೀಜರ್ ಮುಗಿಯುವಷ್ಟರಲ್ಲಿ ಒಂದೆರಡು ಲೀಟರ್ ಮೈಸೇರುವುದುಂಟು. ಮೂತ್ರ ಹೆಚ್ಚಿಸುವ ಮಾತ್ರೆ ಮೂರು ದಿನ ಕೊಟ್ಟದ್ದೇ ತಡ, ತೂಕ ಇಳಿಯಿತು.

ವಿಶ್ರಾಂತಿಯಲ್ಲಿದ್ದಾಗಿನ ನಾಡಿ ಮೊದಲು 62ರಷ್ಟಿತ್ತು, ಈಗ 80ರ ಆಸುಪಾಸು. ಇದೂ ಅವರನ್ನು ಕಾಡಿತು. ಎಡ ಹೃತ್ಕರ್ಣದ ಸುತ್ತ ಇರುವ ವೇಗಸ್ ನರದ ಗಂಟುಗಳಿಗೂ ಶಾಖ ತಾಗುವುದರಿಂದ, ಬಡಿತಕ್ಕೆ ಕಡಿವಾಣ ಹಾಕುವ ಶಕ್ತಿ ತುಸು ಕುಂದುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೂ ಅದರಿಂದ ಹಾನಿಯಿಲ್ಲ. ಇದನ್ನು ಡಿಸ್ಚಾರ್ಜ್ ವೇಳೆ ಹೇಳಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಎದೆನೋವು ಶುರುವಾದದ್ದು ಮೂರನೇ ದಿನ. ಉಸಿರು ಎಳೆದರೆ ಚುಚ್ಚುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡಿದಾಗ ಡ್ಯೂಟಿಯಲ್ಲಿದ್ದವರು, ಹೃದಯದ ಹೊರಪೊರೆ ಕೆರಳಿದೆ, ಮೊದಲ ದಿನಗಳಲ್ಲಿ ಸಾಮಾನ್ಯ, ಪ್ಯಾರಸಿಟಮಾಲ್ ಸಾಕು ಎಂದರು. ಸರಿಯಾದ ಮಾತೇ. ಪ್ಯಾರಸಿಟಮಾಲ್‌ಗೆ ನೋವು ಜಗ್ಗಲಿಲ್ಲ. ಮನೆಯಲ್ಲಿ ಹಿಂದೆಂದೋ ಮಂಡಿನೋವಿಗೆ ತಂದ ಐಬುಪ್ರೊಫೆನ್ ಇತ್ತು. ಅದನ್ನು ತೆಗೆದುಕೊಂಡ ದಿನವೇ ನೋವು ಅರ್ಧಕ್ಕರ್ಧ ಇಳಿಯಿತು. ನಾಲ್ಕು ದಿನ ಮುಂದುವರಿಸಿದರು. ಹೊರಪೊರೆಯ ಉರಿಯೂತಕ್ಕೆ ಅದು ಒಳ್ಳೆಯ ಮದ್ದೇ, ಎಪಿಕ್ಸಬಾನ್ ಜೊತೆಗಲ್ಲ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ತೊಡೆಸಂದಿನಲ್ಲಿ ಅಂಗೈಯಗಲ ಇದ್ದ ನೀಲಿಗಟ್ಟಿದ ಜಾಗ ಮಂಡಿಯವರೆಗೆ ಹರಡಿತು, ನಡುವೆ ಒಂದು ಗಟ್ಟಿ ಗಡ್ಡೆ.

ಹತ್ತಿರದ ಕ್ಲಿನಿಕ್‌ಗೆ ಹೋದರು. ಅಲ್ಲಿನ ವೈದ್ಯರು ಅಲ್ಟ್ರಾಸೌಂಡ್ ಮಾಡಿಸಿ, ರಕ್ತನಾಳ ಒಡೆದು ಉಬ್ಬಿದ ಸೂಡೋಅನ್ಯೂರಿಸಂ ಇಲ್ಲ, ಬರೀ ಚರ್ಮದಡಿಯ ರಕ್ತ ಎಂದು ಖಚಿತಪಡಿಸಿಕೊಂಡರು. ಐಬುಪ್ರೊಫೆನ್ ನಿಲ್ಲಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಜೊತೆಗೆ, ಗಡ್ಡೆ ಕರಗುವ ತನಕ ಎರಡು ದಿನ ಎಪಿಕ್ಸಬಾನ್ ಕೂಡ ಬೇಡ ಎಂದರು.

ಇದು ಮೊದಲ ತಿರುವು. ಅಬ್ಲೇಶನ್ ಆದ ಹೊಸದರಲ್ಲಿ ಹೃತ್ಕರ್ಣದ ಒಳಮೈ ಸುಟ್ಟ ಗಾಯವಾಗಿರುತ್ತದೆ, ಅದರ ಗೋಡೆ ಸರಿಯಾಗಿ ಕುಗ್ಗುತ್ತಿರುವುದಿಲ್ಲ. ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯ ಹೆಚ್ಚಿರುವುದೇ ಆಗ. ಆದ್ದರಿಂದಲೇ ಹೃದಯದ ಲಯ ಎಷ್ಟೇ ಚೆನ್ನಾಗಿದ್ದರೂ ಕನಿಷ್ಠ ಎರಡು ತಿಂಗಳು ಈ ಮಾತ್ರೆ ತಪ್ಪಿಸಬಾರದು ಎನ್ನುತ್ತವೆ ಯುರೋಪಿನ ಮಾರ್ಗಸೂಚಿಗಳು. ಅಮೆರಿಕದ್ದು ಮೂರು ತಿಂಗಳು ಎನ್ನುತ್ತದೆ. ಕ್ಲಿನಿಕ್ಕಿನ ವೈದ್ಯರಿಗೆ ಎದುರಿಗೆ ಕಂಡದ್ದು ಮಂಡಿಯವರೆಗೆ ನೀಲಿಗಟ್ಟಿದ ಕಾಲು. ಒಂದು ಫೋನ್ ಕರೆ ಮಾಡಿ ಕೇಳಬಹುದಿತ್ತು ಎನ್ನುವುದು ಸುಲಭ. ಯಾರಿಗೆ ಕರೆ ಮಾಡಬೇಕು ಎಂಬ ಸಂಖ್ಯೆ ಡಿಸ್ಚಾರ್ಜ್ ಸಾರಾಂಶದಲ್ಲಿ ಇರಲಿಲ್ಲ, ಆಸ್ಪತ್ರೆಯ ಸ್ವಾಗತ ಕೌಂಟರಿನ ಸಂಖ್ಯೆ ಮಾತ್ರ ಇತ್ತು. ತಪ್ಪು ಹುಡುಕುವುದಾದರೆ ನಾನು ಅಲ್ಲಿಂದ ಶುರುಮಾಡುತ್ತೇನೆ.

ಇನ್ನೊಂದು ಸಂಗತಿ ಆಗ ಯಾರ ಗಮನಕ್ಕೂ ಬರಲಿಲ್ಲ. ಐಬುಪ್ರೊಫೆನ್ ನಿಂತಿತು, ಹೊರಪೊರೆಯ ಉರಿಯೂತ ನಿಂತಿರಲಿಲ್ಲ. ಅದಕ್ಕೆ ಬದಲಿ ಮದ್ದು ಯಾರೂ ಬರೆಯಲಿಲ್ಲ, ಏಕೆಂದರೆ ಆ ವೈದ್ಯರ ಮುಂದೆ ಬಂದಿದ್ದ ದೂರು ಕಾಲಿನದು. 'ಇತರೆ' ಕಂಬಸಾಲಿನಲ್ಲಿ ಆ ದಿನದ ಬರಹ: 'ಮಲಗಿದರೆ ಎದೆ ಚುಚ್ಚು ಜಾಸ್ತಿ. ಮುಂದಕ್ಕೆ ಬಾಗಿ ಕೂತರೆ ಪರವಾಗಿಲ್ಲ.' ಹೊರಪೊರೆಯ ಉರಿಯೂತವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕಂಡಿಲ್ಲ. ಪುಸ್ತಕ ಮನೆಯಲ್ಲೇ ಇತ್ತು.

ಒಂದೇ ಸಮ ಓಡಿದ ನಾಡಿ

ಹತ್ತನೇ ದಿನ ಬೆಳಗ್ಗೆ ಎದೆಬಡಿತ ಏರಿತು. ಕೈಗಡಿಯಾರ 148 ತೋರಿಸುತ್ತಿತ್ತು, ಕೂತರೂ ನಿಂತರೂ ಅದೇ 148. ಎಎಫ್ ಎಂದರೆ ತಾಳತಪ್ಪಿದ ನಾಡಿ ಎಂಬುದು ನಾಲ್ಕು ವರ್ಷದ ಅನುಭವದಿಂದ ಅವರಿಗೆ ಗೊತ್ತು. ಇದು ತಾಳ ತಪ್ಪಿರಲಿಲ್ಲ. ಹಾಗಾಗಿ ಎಎಫ್ ಅಲ್ಲ, ಗಾಬರಿಗೆ ಹೀಗಾಗಿದೆ ಎಂದುಕೊಂಡು ಸಂಜೆಯವರೆಗೆ ಕಾದರು.

ಆದರೆ ಗಾಬರಿಯ ನಾಡಿ ಒಂದೇ ಅಂಕಿಗೆ ಅಂಟಿಕೊಂಡು ಕೂರುವುದಿಲ್ಲ. ಎದ್ದರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಗಂಟೆಗಟ್ಟಲೆ 150ರ ಹತ್ತಿರ ಗೂಟ ಹೊಡೆದಂತೆ ನಿಂತ ನಾಡಿ ಎಂದರೆ ಮೊದಲು ನೆನೆಯಬೇಕಾದದ್ದು ಏಟ್ರಿಯಲ್ ಫ್ಲಟ್ಟರ್: ಹೃತ್ಕರ್ಣ ನಿಮಿಷಕ್ಕೆ 300ರಷ್ಟು ಸುತ್ತು ಹೊಡೆಯುತ್ತಿರುತ್ತದೆ, ಎರಡಕ್ಕೊಂದರಂತೆ ಕೆಳಗೆ ದಾಟುತ್ತದೆ. ಇಸಿಜಿಯಲ್ಲಿ ಅದೇ ಬಂತು.

ಅಬ್ಲೇಶನ್ ಆದ ಮೊದಲ ವಾರಗಳಲ್ಲಿ ಎಎಫ್ ಅಥವಾ ಫ್ಲಟ್ಟರ್ ಮರುಕಳಿಸಿದರೆ ಚಿಕಿತ್ಸೆ ಸೋತಿತು ಎಂದರ್ಥವಲ್ಲ. ಸುಟ್ಟ ಜಾಗದ ಊತ, ಉರಿಯೂತ ಇಳಿಯುವ ತನಕ ಹೃತ್ಕರ್ಣ ಸಿಡುಕುತ್ತಲೇ ಇರುತ್ತದೆ. ಈ ಅವಧಿಯನ್ನು ಬ್ಲಾಂಕಿಂಗ್ ಪೀರಿಯಡ್ ಎನ್ನುತ್ತಾರೆ. ಮೊದಲು ಇದನ್ನು ಮೂರು ತಿಂಗಳು ಎಂದು ಲೆಕ್ಕ ಹಿಡಿಯುತ್ತಿದ್ದರು, 2024ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಎಂಟು ವಾರಕ್ಕೆ ಇಳಿಸಿದೆ. ರೋಗಿಗೆ ಇದನ್ನು ಮೊದಲೇ ಹೇಳಿದ್ದರು, ಅವರು ಎದೆಗುಂದಲಿಲ್ಲ.

ತೊಡಕು ಬೇರೆ ಕಡೆ ಇತ್ತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಕಾರ್ಡಿಯೋವರ್ಷನ್ ಮಾಡಿ, ಅಂದರೆ ಸಣ್ಣ ಅರಿವಳಿಕೆಯಲ್ಲಿ ವಿದ್ಯುತ್ ಆಘಾತ ಕೊಟ್ಟು, ಲಯ ಸರಿಪಡಿಸಿ ಕಳುಹಿಸುತ್ತಾರೆ. ಅದಕ್ಕೆ ಮುಂಚಿನ ಮೂರು ವಾರ ಎಪಿಕ್ಸಬಾನ್ ಒಂದೂ ಡೋಸ್ ತಪ್ಪಿರಬಾರದು. ತಪ್ಪಿದ್ದರೆ ಹೃತ್ಕರ್ಣದ ಕಿವಿಯಲ್ಲಿ, ಅಂದರೆ ಎಡ ಹೃತ್ಕರ್ಣಕ್ಕೆ ಅಂಟಿದ ಪುಟ್ಟ ಚೀಲದಲ್ಲಿ, ಹೆಪ್ಪು ಇಲ್ಲವೆಂದು ನೋಡಿಕೊಳ್ಳಬೇಕು. ಇವರಿಗೆ ಎರಡು ದಿನ ತಪ್ಪಿತ್ತು. ನೋಡುವ ರೂಢಿಯ ದಾರಿ ಟಿಇಇ, ಅನ್ನನಾಳದೊಳಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ನಳಿಕೆ ಇಳಿಸುವುದು. ತುರ್ತು ವಿಭಾಗದವರು ಅದಕ್ಕೆ ಸಿದ್ಧತೆಯನ್ನೂ ಶುರುಮಾಡಿದ್ದರು.

ಅಂದು ರಾತ್ರಿ ಕರೆಗೆ ಸಿಕ್ಕ ಹೃದಯದ ಲಯತಜ್ಞರು ಪ್ರೊಸೀಜರ್ ವರದಿಯನ್ನು ತೆರೆಸಿ ಓದಿದರು. 39.4ರ ಸಾಲು ಅವರ ಕಣ್ಣಿಗೆ ಬಿತ್ತು. ಹತ್ತು ದಿನದ ಹಿಂದೆ ಶಾಖ ತಾಗಿದ ಅನ್ನನಾಳದೊಳಗೆ, ತೀರಾ ಅಗತ್ಯವಿಲ್ಲದೆ, ಹೆಬ್ಬೆರಳಿನಷ್ಟು ದಪ್ಪದ ನಳಿಕೆ ಏಕೆ ಇಳಿಸಬೇಕು ಎಂಬುದು ಅವರ ಪ್ರಶ್ನೆ. ಬಿಪಿ ಚೆನ್ನಾಗಿತ್ತು, ಉಸಿರಾಟ ಸರಿಯಿತ್ತು. ಆಘಾತದ ಯೋಚನೆ ಕೈಬಿಟ್ಟು, ವೇಗ ತಗ್ಗಿಸಲು ಡಿಲ್ಟಿಯಾಜೆಮ್ ಕೊಟ್ಟು, ಎಪಿಕ್ಸಬಾನ್ ಮರಳಿ ಶುರುಮಾಡಿ, ವಾರ್ಡಿನಲ್ಲೇ ನೋಡಿಕೊಳ್ಳೋಣ ಎಂದರು. ಮೂರನೇ ದಿನ ಫ್ಲಟ್ಟರ್ ತಾನಾಗಿಯೇ ಬಿಟ್ಟಿತು.

ಆ ರಾತ್ರಿಯ ತೀರ್ಮಾನವನ್ನು ಕೆಲವರು ಅತಿ ಎಚ್ಚರ ಎನ್ನಬಹುದು. ಅಬ್ಲೇಶನ್ ಬಳಿಕ ಟಿಇಇ ಮಾಡಲೇಬಾರದು ಎಂಬ ಕಟ್ಟಳೆಯಿಲ್ಲ, ಮಾಡಿಸಿಕೊಂಡ ಎಷ್ಟೋ ಮಂದಿ ಚೆನ್ನಾಗಿದ್ದಾರೆ. ನನಗೆ ಮುಖ್ಯ ಅನಿಸುವುದು ತೀರ್ಮಾನಕ್ಕಿಂತ ಅದಕ್ಕೆ ಆಧಾರವಾದ ಕಾಗದ. ಅಲ್ಲಿಯವರೆಗೆ ಯಾರೂ ಸಾರಾಂಶ ಬಿಟ್ಟು ಪೂರ್ಣ ವರದಿ ಓದಿರಲಿಲ್ಲ.

ಈ ಬಾರಿಯ ಡಿಸ್ಚಾರ್ಜ್ ಹೊತ್ತಿಗೆ ರೋಗಿ ಹೊಟ್ಟೆ ಉಬ್ಬರದ ಬಗ್ಗೆಯೂ ಹೇಳಿದ್ದರು: ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ, ಗಂಟೆಗಟ್ಟಲೆ ಕರಗದಂತೆ. ಹೊಟ್ಟೆಗೆ ಹೋಗುವ ವೇಗಸ್ ಕವಲುಗಳು ಅನ್ನನಾಳದ ಮೈಮೇಲೇ ಇಳಿಯುತ್ತವೆ. ಶಾಖ ತಾಗಿದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ. ಎಷ್ಟೋ ಮಂದಿಗೆ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಇವರೋ ಅದು ಆಮ್ಲ ತಗ್ಗಿಸುವ ಮಾತ್ರೆಯ ದೋಷ ಎಂದುಕೊಂಡು, ಮನೆಗೆ ಬಂದ ಮೇಲೆ ಅದನ್ನು ನಿಲ್ಲಿಸಿದರು. ಆ ಮಾತ್ರೆ ಕೊಟ್ಟದ್ದು ಗ್ಯಾಸಿಗಲ್ಲ. ಸುಟ್ಟಿರಬಹುದಾದ ಅನ್ನನಾಳದ ಮೇಲೆ ಆಮ್ಲ ಬೀಳದಿರಲಿ ಎಂದು. ಚೀಟಿಯಲ್ಲಿ 'ಊಟಕ್ಕೆ ಮುಂಚೆ' ಎಂದಷ್ಟೇ ಇತ್ತು, ಏತಕ್ಕೆ ಎಂದು ಇರಲಿಲ್ಲ.

ಜ್ವರ

ಹತ್ತೊಂಬತ್ತನೇ ದಿನ ಸಂಜೆ ಮೈ ಬಿಸಿ 38.3. ಮರುದಿನ 38.6. ನುಂಗಿದರೆ ಎದೆಯ ನಡುವೆ ನೋವು, ನೀರು ನುಂಗಿದರೂ. ಹತ್ತಿರದ ಕ್ಲಿನಿಕ್ಕಿನಲ್ಲಿ ಈ ಸಲ ಇದ್ದವರು ಬೇರೆ ವೈದ್ಯರು. ಗಂಟಲು ತುಸು ಕೆಂಪಗಿತ್ತು. ಗಂಟಲ ಸೋಂಕು ಎಂದು ಆಂಟಿಬಯಾಟಿಕ್ ಬರೆದರು. ನುಂಗುವಾಗಿನ ನೋವು, ಹೊಟ್ಟೆ ಉಬ್ಬರ ಎರಡೂ ಇರುವುದರಿಂದ ಒಮ್ಮೆ ಎಂಡೋಸ್ಕೋಪಿ ಆಗಲಿ ಎಂದು ಒಂದು ಡೇ ಕೇರ್ ಕೇಂದ್ರದಲ್ಲಿ ಮರುದಿನಕ್ಕೇ ಸಮಯ ಕೊಡಿಸಿದರು. ಮುತುವರ್ಜಿಯಿಂದಲೇ ಮಾಡಿದ ಕೆಲಸ. ಅಬ್ಲೇಶನ್ ವಿಷಯವನ್ನು ರೋಗಿ ಹೇಳಿದ್ದರು, ಅದು ಹೃದಯದ ಕತೆ ಎಂದು ಪಕ್ಕಕ್ಕೆ ಸರಿಯಿತು. ರೋಗಿಯ ಮಟ್ಟಿಗೂ ಗಂಟಲಿಗೂ ತೊಡೆಸಂದಿನಿಂದ ಮಾಡಿದ ಚಿಕಿತ್ಸೆಗೂ ಏನು ಸಂಬಂಧ?

ಸಂಬಂಧ ಇರುವುದು ಆ ಕೆಲವು ಮಿಲಿಮೀಟರಿನಲ್ಲಿ. ಶಾಖ ತಾಗಿದ ಅನ್ನನಾಳದ ಗೋಡೆಯಲ್ಲಿ ಹುಣ್ಣಾಗಿ, ಹುಣ್ಣು ಆಳಕ್ಕಿಳಿದು, ಕೊನೆಗೆ ಹೃತ್ಕರ್ಣದವರೆಗೆ ತೂತು ಬೀಳುವುದುಂಟು. ಏಟ್ರಿಯೋ ಈಸೋಫೇಜಿಯಲ್ ಫಿಸ್ಟುಲಾ ಎಂದು ಅದರ ಹೆಸರು. ಅಪರೂಪಕ್ಕೆ ಅಪರೂಪ: 35 ದೇಶಗಳ 214 ಕೇಂದ್ರಗಳಲ್ಲಿ ನಡೆದ ಐದೂವರೆ ಲಕ್ಷಕ್ಕೂ ಹೆಚ್ಚು ಅಬ್ಲೇಶನ್‌ಗಳನ್ನು ಒಟ್ಟುಹಾಕಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಅನ್ನನಾಳದ ತೂತು ಕಂಡದ್ದು ಶೇ. 0.025, ಸುಮಾರು ನಾಲ್ಕು ಸಾವಿರಕ್ಕೆ ಒಂದು. ಆದರೆ ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಉಳಿಯಲಿಲ್ಲ. ಲಕ್ಷಣ ಶುರುವಾದ ಮಧ್ಯಮ ದಿನ 18, ಅತಿ ಸಾಮಾನ್ಯ ಮೊದಲ ಲಕ್ಷಣ ಜ್ವರ. ನಮ್ಮ ರೋಗಿಗೆ ಜ್ವರ ಬಂದದ್ದು ಹತ್ತೊಂಬತ್ತನೇ ದಿನ.

ಎಂಡೋಸ್ಕೋಪಿಯಲ್ಲಿ ಒಳಗೆ ಕಾಣಲೆಂದು ಗಾಳಿ ಊದಿ ಅನ್ನನಾಳ ಹಿಗ್ಗಿಸುತ್ತಾರೆ. ತೂತು ಇದ್ದರೆ ಆ ಗಾಳಿ ನೇರ ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಮೆದುಳಿಗೆ. ಪರೀಕ್ಷೆಯ ಟೇಬಲ್ ಮೇಲೆಯೇ ದೊಡ್ಡ ಪಾರ್ಶ್ವವಾಯು ಆಗಬಹುದು. ಹಾಗಾಗಿ ಅನುಮಾನ ಇದ್ದಲ್ಲಿ ಮೊದಲು ಕಾಂಟ್ರಾಸ್ಟ್ ಕೊಟ್ಟು ಎದೆಯ ಸಿಟಿ, ಎಂಡೋಸ್ಕೋಪಿಗೆ ಕೈಹಾಕಬಾರದು.

ಇದನ್ನು ತಡೆದದ್ದು ಒಂದು ಮಾಮೂಲಿ ಫೋನ್ ಕರೆ. ಡೇ ಕೇರ್ ಕೇಂದ್ರದ ನರ್ಸ್ ಹಿಂದಿನ ದಿನ ಸಂಜೆ ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳುವುದು ವಾಡಿಕೆ. ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂದೂ ಕೇಳುತ್ತಾರೆ. ಎಪಿಕ್ಸಬಾನ್ ಎಂಬ ಉತ್ತರ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅವರ ಅರ್ಜಿಯಲ್ಲಿ ಇದ್ದ ಪ್ರಶ್ನೆ ಅಷ್ಟೇ. ಅವರು ಇನ್ನೊಂದು ಕೇಳಿದರು: ಏತಕ್ಕೆ ಕೊಟ್ಟಿದ್ದಾರೆ, ಯಾವಾಗಿನಿಂದ? ಮೂರು ವಾರದ ಹಿಂದೆ ಅಬ್ಲೇಶನ್ ಆಯಿತು ಎಂಬುದು ಆಗ ಹೊರಬಿತ್ತು. ಫಿಸ್ಟುಲಾದ ವಿಷಯ ಅವರಿಗೆ ತಿಳಿದಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಹೊಸದಾಗಿ ಹೃದಯದ ಚಿಕಿತ್ಸೆಯಾದವರಿಗೆ ಜ್ವರವಿರುವಾಗ ಎಂಡೋಸ್ಕೋಪಿ ಏಕೆ ಎಂಬ ಅಳುಕು ಮಾತ್ರ ಬಂತಂತೆ. ಆ ಅಳುಕಿಗೆ ಮರ್ಯಾದೆ ಕೊಟ್ಟು ಲಯತಜ್ಞರ ವಿಭಾಗದ ಸಂಖ್ಯೆ ಹುಡುಕಿ, ಎರಡು ಸಲ ತಪ್ಪು ವಾರ್ಡಿಗೆ ಹೋದ ಕರೆಯನ್ನು ಬಿಡದೆ ಮೂರನೇ ಸಲ ಸರಿಯಾದವರಿಗೆ ತಲುಪಿಸಿದರು.

ಆ ರಾತ್ರಿಯೇ ರೋಗಿಯನ್ನು ಕರೆಸಿಕೊಂಡರು. ಬಾಯಿಗೆ ನೀರೂ ಬೇಡ ಎಂದರು, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಬ್ಲಡ್ ಕಲ್ಚರ್ ತೆಗೆದರು, ರಾತ್ರಿಯ ಎಪಿಕ್ಸಬಾನ್ ತಡೆಹಿಡಿದರು, ಎದೆಗೂಡಿನ ಶಸ್ತ್ರವೈದ್ಯರಿಗೆ ಮುನ್ಸೂಚನೆ ಕೊಟ್ಟರು. ತೂತು ಇದ್ದದ್ದೇ ಆದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ, ಗಂಟೆಗಳ ಲೆಕ್ಕ.

ಸಿಟಿಯಲ್ಲಿ ತೂತು ಕಾಣಲಿಲ್ಲ. ಹೃತ್ಕರ್ಣದಲ್ಲಾಗಲಿ ಹೊರಪೊರೆಯೊಳಗಾಗಲಿ ಅನ್ನನಾಳದ ಸುತ್ತಲಾಗಲಿ ಗಾಳಿಯ ಗುಳ್ಳೆ ಇಲ್ಲ. ಕಂಡದ್ದು ಬೇರೆ: ಹೃದಯದ ಹೊರಪೊರೆಯೊಳಗೆ ಮಧ್ಯಮ ಪ್ರಮಾಣದ ನೀರು, ಎಡ ಶ್ವಾಸಕೋಶದ ಬುಡದಲ್ಲೂ ಸ್ವಲ್ಪ. ಎಕೋದಲ್ಲಿ ಆ ನೀರು ಹೃದಯವನ್ನು ಅದುಮುತ್ತಿರಲಿಲ್ಲ. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಬಹಳ ಏರಿತ್ತು.

ಆಗ ಯಾರೋ ಕೇಳಿದ್ದಕ್ಕೆ ರೋಗಿ ಚೀಲದಿಂದ ಆ ಪುಸ್ತಕ ತೆಗೆದುಕೊಟ್ಟರು. ಎದೆ ಚುಚ್ಚು ಮೂರನೇ ದಿನದಿಂದ ಒಂದು ದಿನವೂ ಪೂರ್ತಿ ಬಿಟ್ಟಿರಲಿಲ್ಲ. ಐಬುಪ್ರೊಫೆನ್ ತೆಗೆದುಕೊಂಡ ದಿನಗಳಲ್ಲಿ ತಗ್ಗಿ, ಬಿಟ್ಟ ಮೂರನೇ ದಿನದಿಂದ ಮತ್ತೆ ಏರಿತ್ತು. ಮಲಗಿದರೆ ಜಾಸ್ತಿ, ಬಾಗಿದರೆ ಕಡಿಮೆ, ಪುಟದಿಂದ ಪುಟಕ್ಕೆ ಅದೇ ಮಾತು. ಹೃದಯಕ್ಕೆ ಗಾಯವಾದ ವಾರಗಳ ಬಳಿಕ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೆರಳಿ, ಜ್ವರ, ಹೊರಪೊರೆಯ ಉರಿಯೂತ, ನೀರು ತುಂಬುವಿಕೆ ಎಲ್ಲ ಬರುವುದನ್ನು ಪೋಸ್ಟ್ ಕಾರ್ಡಿಯಾಕ್ ಇಂಜುರಿ ಸಿಂಡ್ರೋಮ್ ಎನ್ನುತ್ತಾರೆ. ಹೊರಪೊರೆ ಅನ್ನನಾಳಕ್ಕೂ ನೆರೆಯೇ ಆದ್ದರಿಂದ ನುಂಗುವಾಗ ನೋಯುವುದೂ ಅದಕ್ಕೆ ಹೊಂದುತ್ತಿತ್ತು.

ಒಪ್ಪಿಕೊಂಡು ಬಿಡುವಷ್ಟು ಚೆನ್ನಾಗಿ ಹೊಂದುತ್ತಿತ್ತು. ತಂಡ ಒಪ್ಪಿಕೊಂಡು ಬಿಡಲಿಲ್ಲ, ಈ ಪ್ರಕರಣದ ಅತ್ಯುತ್ತಮ ತೀರ್ಮಾನ ನನ್ನ ದೃಷ್ಟಿಯಲ್ಲಿ ಅದೇ. ಫಿಸ್ಟುಲಾದ ಆರಂಭದಲ್ಲಿ ಮೊದಲ ಸಿಟಿ ಚೊಕ್ಕವಾಗಿ ಬರುವುದು ಗೊತ್ತಿರುವ ಸಂಗತಿ. ಹೊರಪೊರೆಯಲ್ಲಿ ನೀರು ಫಿಸ್ಟುಲಾದಲ್ಲೂ ತುಂಬಬಹುದು. ಹಾಗಾಗಿ ಇಲ್ಲ ಎಂದು ಹೇಳದೆ, ಸದ್ಯಕ್ಕೆ ಕಾಣುತ್ತಿಲ್ಲ ಎಂದು ಬರೆದು, ನಾಲ್ಕು ದಿನ ಬಿಟ್ಟು ಇನ್ನೊಂದು ಸಿಟಿಗೆ ದಿನ ನಿಗದಿ ಮಾಡಿದರು. ಅಲ್ಲಿಯವರೆಗೆ ಕಲ್ಚರ್ ವರದಿ ಕಾಯುತ್ತ ರಕ್ತನಾಳದ ಮೂಲಕ ಆಂಟಿಬಯಾಟಿಕ್ ನಡೆಯಿತು, ಎಂಡೋಸ್ಕೋಪಿ ಪೂರ್ತಿ ನಿಷಿದ್ಧ.

ಎರಡು ಮದ್ದುಗಳ ಇಕ್ಕಟ್ಟು

ಉಳಿದದ್ದು ಎಪಿಕ್ಸಬಾನ್. ಹೊರಪೊರೆಯೊಳಗೆ ನೀರಿರುವಾಗ ರಕ್ತ ತೆಳುವಾಗಿಸಿದರೆ ಅದು ರಕ್ತವಾಗಿ ತುಂಬಿ ಹೃದಯವನ್ನು ಅದುಮಬಹುದು. ನಿಲ್ಲಿಸಿದರೆ, ಈಗಾಗಲೇ ಒಮ್ಮೆ ಎರಡು ದಿನ ತಪ್ಪಿ ಫ್ಲಟ್ಟರ್ ಬೇರೆ ಬಂದಿದ್ದವರಿಗೆ ಪಾರ್ಶ್ವವಾಯುವಿನ ಭಯ. ತಂಡದಲ್ಲಿ ಒಮ್ಮತ ಇರಲಿಲ್ಲ. ಕಡೆಗೆ ಆದದ್ದು ಇಷ್ಟು: ಶಸ್ತ್ರಚಿಕಿತ್ಸೆಯ ಸಾಧ್ಯತೆ ದೂರವಾದ ಮೇಲೆ, ಮರುದಿನ ಸಂಜೆ ಪೂರ್ತಿ ಡೋಸಿನಲ್ಲೇ ಮರಳಿ ಶುರು, ದಿನಕ್ಕೊಂದು ಎಕೋ, ನೀರಿನ ದಪ್ಪ ಏರಿದರೆ ಅಥವಾ ಬಿಪಿ ಕುಸಿದರೆ ನಿಲ್ಲಿಸುವುದು ಎಂದು ಮೊದಲೇ ಚಾರ್ಟಿನಲ್ಲಿ ಬರೆದಿಟ್ಟದ್ದು. ನಡುರಾತ್ರಿ ಡ್ಯೂಟಿಗೆ ಬಂದ ಕಿರಿಯ ವೈದ್ಯರು ತಮ್ಮ ಧೈರ್ಯದ ಮೇಲೆ ತೀರ್ಮಾನ ಮಾಡುವ ಪ್ರಸಂಗ ಹೀಗೆ ತಪ್ಪಿತು.

ಉರಿಯೂತಕ್ಕೆ ಕೊಲ್ಚಿಸಿನ್ ಆಯ್ದರು; ಐಬುಪ್ರೊಫೆನ್ ವರ್ಗದ ಮಾತ್ರೆ ಎಪಿಕ್ಸಬಾನ್ ಜೊತೆ ಆಗದು, ಸೋಂಕು ಇಲ್ಲವೆಂದು ಖಚಿತವಾಗದೆ ಸ್ಟಿರಾಯ್ಡ್ ಕೊಡುವಂತಿಲ್ಲ. ಚೀಟಿ ನೋಡಿದ ಫಾರ್ಮಸಿಸ್ಟ್ ಡಿಲ್ಟಿಯಾಜೆಮ್ ಹೆಸರಿನ ಮೇಲೆ ಬೆರಳಿಟ್ಟರು. ಅದು ಕೊಲ್ಚಿಸಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಎಪಿಕ್ಸಬಾನ್‌ನದನ್ನೂ ಒಂದಷ್ಟು. ಡಿಲ್ಟಿಯಾಜೆಮ್ ತೆಗೆದು ಮೆಟೊಪ್ರೊಲೋಲ್ ಹಾಕಿದರು. ಫ್ಲಟ್ಟರಿಗೆಂದು ಹತ್ತು ದಿನದ ಹಿಂದೆ ಕೊಟ್ಟದ್ದನ್ನು ಅಲ್ಲಿಯತನಕ ಯಾರೂ ಮರುಪರಿಶೀಲಿಸಿರಲಿಲ್ಲ.

ಜ್ವರ ಮೂರನೇ ದಿನ ಬಿಟ್ಟಿತು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಎರಡನೇ ಸಿಟಿಯೂ ಚೊಕ್ಕವಾಗಿತ್ತು, ನೀರು ಕಡಿಮೆಯಾಗುತ್ತಿತ್ತು. ಆಂಟಿಬಯಾಟಿಕ್ ನಿಲ್ಲಿಸಿ, ಮೆತ್ತಗಿನ ಆಹಾರ ಶುರುಮಾಡಿ, ಆಮ್ಲ ತಗ್ಗಿಸುವ ಮಾತ್ರೆಯನ್ನು ಈ ಸಲ ಕಾರಣ ಸಮೇತ ಬರೆದುಕೊಟ್ಟು ಮನೆಗೆ ಕಳುಹಿಸಿದರು.

ಆಮೇಲೆ ಬದಲಾದದ್ದು

ಡಿಸ್ಚಾರ್ಜ್ ಸಾರಾಂಶದ ಮೊದಲ ಪುಟದ ತಲೆಯಲ್ಲಿ ಈಗ ಒಂದು ಚೌಕವಿದೆ. ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ, ಮಾತು ತೊದಲುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದೇ ಬಂದರೂ ನೇರ ಲಯ ವಿಭಾಗಕ್ಕೆ ತಿಳಿಸಿ. ಅಲ್ಲಿ ಕೇಳದೆ ಎಂಡೋಸ್ಕೋಪಿ, ಟಿಇಇ ಬೇಡ. ರಕ್ತದ ಮಾತ್ರೆ ನಿಲ್ಲಿಸುವುದು ಬೇಡ. ಕೆಳಗೆ ಹಗಲು ರಾತ್ರಿ ಎತ್ತುವ ಸಂಖ್ಯೆ. ಚೌಕದ ಮಾತು ರೋಗಿಗೆ ಬರೆದದ್ದಲ್ಲ, ಅವರನ್ನು ಮುಂದೆ ನೋಡುವ ವೈದ್ಯರಿಗೆ ಬರೆದದ್ದು. ಅನ್ನನಾಳದ ಗರಿಷ್ಠ ಉಷ್ಣತೆಯೂ ಈಗ ಸಾರಾಂಶಕ್ಕೆ ಬರುತ್ತದೆ.

ಇದಕ್ಕೆ ವಿರೋಧವೂ ಇತ್ತು. ನಾಲ್ಕು ಸಾವಿರಕ್ಕೊಬ್ಬರಿಗೆ ಬರುವ ಕಾಯಿಲೆಗಾಗಿ ಉಳಿದ ಎಲ್ಲರನ್ನೂ ಹೆದರಿಸುವುದೇ, ಪ್ರತಿ ನೆಗಡಿ ಜ್ವರಕ್ಕೂ ಸಿಟಿ ಮಾಡುತ್ತ ಕೂರುವುದೇ ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕರೆ ಬಂದರೆಲ್ಲ ಸಿಟಿ ಆಗಬೇಕೆಂದಿಲ್ಲ. ಹೆಚ್ಚಿನ ಕರೆಗಳು ನಾಲ್ಕು ಪ್ರಶ್ನೆಯಲ್ಲಿ ಮುಗಿಯುತ್ತವೆ. ಆದರೆ ಆ ನಾಲ್ಕು ಪ್ರಶ್ನೆ ಕೇಳಬೇಕಾದವರು ಈ ಕಾಯಿಲೆಯನ್ನು ಬಲ್ಲವರೇ ಆಗಿರಬೇಕು. ಶಾಖದ ಬದಲು ಕ್ಷಣಮಾತ್ರದ ವಿದ್ಯುತ್ ಮಿಡಿತ ಬಳಸುವ ಪಲ್ಸ್ಡ್ ಫೀಲ್ಡ್ ಅಬ್ಲೇಶನ್ ಹೆಚ್ಚುತ್ತಿರುವುದರಿಂದ ಅನ್ನನಾಳದ ಈ ಭಯ ಬಹುಮಟ್ಟಿಗೆ ತಗ್ಗಲಿದೆ ಎಂಬ ವಾದವೂ ಬಂತು. ಇದುವರೆಗಿನ ಅನುಭವ ಹಾಗೇ ಹೇಳುತ್ತದೆ. ಆದರೆ ಹೊರಪೊರೆಯ ಉರಿಯೂತವೂ ತೊಡೆಸಂದಿನ ರಕ್ತಸ್ರಾವವೂ ತಪ್ಪಿಸಿದ ಮಾತ್ರೆಯೂ ಯಾವ ವಿಧಾನದಲ್ಲೂ ಇರುವಂಥವೇ.

ರೋಗಿಗೆ ಎರಡನೇ ತಿಂಗಳಲ್ಲಿ ಇನ್ನೊಮ್ಮೆ ಫ್ಲಟ್ಟರ್ ಕೆಲವು ಗಂಟೆ ಬಂದು ಹೋಯಿತು, ಆಮೇಲೆ ಇಲ್ಲ. ಮೂರನೇ ತಿಂಗಳ ಎಕೋದಲ್ಲಿ ನೀರು ಪೂರ್ತಿ ಹೋಗಿತ್ತು, ಕೊಲ್ಚಿಸಿನ್ ನಿಲ್ಲಿಸಿದರು. ಹೊಟ್ಟೆ ಉಬ್ಬರ ಅದಕ್ಕೂ ಒಂದು ತಿಂಗಳು ಹೆಚ್ಚು ಹಿಡಿಯಿತು. ನಾಡಿ ಈಗಲೂ 76ರ ಆಸುಪಾಸು.

ನಾಲ್ಕನೇ ತಿಂಗಳ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಲಯ ಸರಿಯಾಗಿದೆಯಲ್ಲ, ಎಪಿಕ್ಸಬಾನ್ ಬಿಡಬಹುದೇ? ಆ ತೀರ್ಮಾನ ನಿಂತಿರುವುದು ಇಸಿಜಿಯ ಮೇಲಲ್ಲ, ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿದೆಯೇ ಇಂಥ ಅಪಾಯಗಳ ಮೇಲೆ. ಇವರಿಗೆ ಇದ್ದದ್ದು ಬಿಪಿ ಒಂದು. ಬಿಡುವುದಕ್ಕೂ ಮುಂದುವರಿಸುವುದಕ್ಕೂ ವಾದ ಇರುವ ಅಂಚು ಅದು. ಎರಡೂ ಕಡೆಯ ಲೆಕ್ಕವನ್ನು ಮುಂದಿಟ್ಟಾಗ, ಸದ್ಯ ಒಂದು ವರ್ಷ ಮುಂದುವರಿಸಿ ಆಮೇಲೆ ನೋಡುತ್ತೇನೆ ಎಂದರು.